ಕ್ಲೈಬ್ಯ: ಹಳೆಯ ಹೆಸರು, ಇಂದಿನ ತಿಳಿವಳಿಕೆ

ವೈದ್ಯಗ್ರಂಥಗಳು ‘ಕ್ಲೈಬ್ಯ’ವೆಂದೂ ಲೋಕವು ‘ಷಂಡತನ’ವೆಂದೂ ಕರೆಯುವ ಪುರುಷಾಂಗದ ನಿಮಿರುವಿಕೆಯ ದೌರ್ಬಲ್ಯವನ್ನು ಕುರಿತು ಬರೆಯುವುದು ಚರಿತ್ರೆಯ ಅಧ್ಯಾಪಕರಿಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ತಕ್ಕುದೆಂದೇ ನಮ್ಮ ಅಭಿಪ್ರಾಯ. ಈ ತೊಂದರೆಯನ್ನು ಮರೆಮಾಡುವ ಇಂದಿನ ರೂಢಿಗೆ ನಮ್ಮ ಪ್ರಾಚೀನ ವೈದ್ಯರ ಸಮ್ಮತಿಯಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕಸಂಹಿತೆಯು ಬೀಜದೋಷ, ಧ್ವಜಭಂಗ, ಮುಪ್ಪು, ಶುಕ್ರಕ್ಷಯ ಎಂಬ ಕಾರಣಭೇದದಿಂದ ಕ್ಲೈಬ್ಯವನ್ನು ನಾಲ್ಕಾಗಿ ವಿಂಗಡಿಸುತ್ತದೆ. ಸುಶ್ರುತಸಂಹಿತೆಯಾದರೋ ಆರು ಬಗೆಗಳನ್ನು ಹೇಳಿ, ಮನೋವ್ಯಾಕುಲದಿಂದುಂಟಾಗುವುದನ್ನು ಮೊದಲಿಗೇ ಎಣಿಸುತ್ತದೆ. ಆದರೆ ಸಂತಾನಹೀನತೆ, ನಿಮಿರುವಿಕೆಯ ಕುಂದು ಇವೆರಡನ್ನೂ ಒಂದೇ ಹೆಸರಿನಡಿ ತಂದುದರ ಗೊಂದಲ ಇಂದಿಗೂ ಅಳಿದಿಲ್ಲ. ಒಂದಿದ್ದವನಲ್ಲಿ ಇನ್ನೊಂದು ಇರಲೇಬೇಕೆಂಬ ನಿಯಮವಿಲ್ಲ.

ನಿಮಿರುವಿಕೆಯು ಮುಖ್ಯವಾಗಿ ರಕ್ತಸಂಚಾರದ ವ್ಯಾಪಾರ. ನರಗಳ ಪ್ರಚೋದನೆಯಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ, ರಕ್ತನಾಳಗಳ ಸ್ನಾಯು ಸಡಿಲಗೊಂಡು, ಸ್ಪಂಜಿನಂತಹ ಅಂಗಾಂಶದಲ್ಲಿ ರಕ್ತ ತುಂಬುತ್ತದೆ. ರಕ್ತನಾಳಗಳಲ್ಲಿ ಈ ಅನಿಲವು ಸಂದೇಶವಾಹಕವೆಂದು ಕಂಡುಹಿಡಿದುದಕ್ಕಾಗಿ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ಅಮೆರಿಕದಲ್ಲಿ ಅನುಮತಿ ಪಡೆದ ಸಿಲ್ಡೆನಾಫಿಲ್ ಮೊದಲು ಹೃದಯಶೂಲೆಗೆಂದು ಪರೀಕ್ಷಿಸಲ್ಪಟ್ಟ ಔಷಧ. ಈ ಸಂಬಂಧ ಆಕಸ್ಮಿಕವಲ್ಲ. ಪುರುಷಾಂಗದ ಅಪಧಮನಿಗಳು ಹೃದಯದವುಗಳಿಗಿಂತ ಸಣ್ಣವು. ಆದುದರಿಂದ ರಕ್ತನಾಳಗಳಿಗೆ ರೋಗ ಹಿಡಿದಾಗ ಅದು ಎಷ್ಟೋ ವೇಳೆ ಇಲ್ಲಿಯೇ ಮೊದಲು ತೋರುತ್ತದೆ, ಎದೆನೋವು ಕೆಲವು ವರ್ಷಗಳ ಅನಂತರ ಬರುತ್ತದೆ. ನಾಚಿಕೆಯಿಂದ ಸುಮ್ಮನಿದ್ದವನು ಕಳೆದುಕೊಳ್ಳುವುದು ದಾಂಪತ್ಯಸುಖವನ್ನು ಮಾತ್ರವಲ್ಲ, ಹೃದ್ರೋಗದ ಮುನ್ಸೂಚನೆಯನ್ನೂ.

ದಣಿವು, ಚಿಂತೆ, ಮದ್ಯಪಾನ ಇವುಗಳಿಂದ ಎಂದೋ ಒಮ್ಮೆ ವೈಫಲ್ಯವುಂಟಾದರೆ ಅದು ರೋಗವಲ್ಲ. ಬೆಳಗಿನ ಜಾವದ ನಿಮಿರುವಿಕೆ ಎಂದಿನಂತಿದ್ದರೆ ಕಾರಣವು ಬಹುಮಟ್ಟಿಗೆ ಮಾನಸಿಕವೆಂದು ಊಹಿಸಬಹುದು. ತೊಂದರೆಯು ಕೆಲವು ವಾರಗಳಾದರೂ ಬಿಡದಿದ್ದರೆ ವೈದ್ಯರನ್ನು ಕಾಣಲೇಬೇಕು. ಮಧುಮೇಹ, ರಕ್ತದೊತ್ತಡ, ಧೂಮಪಾನ ಇವುಗಳಲ್ಲೊಂದು ಇದ್ದವರು ತಡಮಾಡಲಾಗದು. ರಕ್ತದ ಸಕ್ಕರೆ, ಕೊಬ್ಬು, ಕೆಲವೊಮ್ಮೆ ಟೆಸ್ಟೊಸ್ಟೆರೋನ್ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುತ್ತವೆ. ಸೇವಿಸುತ್ತಿರುವ ಔಷಧಗಳನ್ನೆಲ್ಲ ಹೇಳಬೇಕು, ಏಕೆಂದರೆ ರಕ್ತದೊತ್ತಡದ ಹಾಗೂ ಖಿನ್ನತೆಯ ಕೆಲವು ಮಾತ್ರೆಗಳೇ ಕಾರಣವಾಗಿರಬಹುದು. ಹಾಗೆಂದು ಅವನ್ನು ತಾನಾಗಿ ನಿಲ್ಲಿಸತಕ್ಕದ್ದಲ್ಲ.

ಇಂತಹ ದೌರ್ಬಲ್ಯವನ್ನು ನೀಗಿಸುವೆವೆಂಬ ಔಷಧ ಜಾಹೀರಾತುಗಳನ್ನು ಭಾರತ ಸರಕಾರವು 1954ರ ಕಾಯಿದೆಯಿಂದಲೇ ನಿಷೇಧಿಸಿದೆ. ಬಸ್ ನಿಲ್ದಾಣಗಳ ಗೋಡೆಗಳನ್ನು ನೋಡಿದರೆ ಆ ಕಾಯಿದೆ ಅಲ್ಲಿಯವರೆಗೆ ತಲುಪಿದಂತಿಲ್ಲ! ಸಿಲ್ಡೆನಾಫಿಲನ್ನು ವೈದ್ಯರ ಸಲಹೆಯಿಲ್ಲದೆ ಕೊಂಡು ನುಂಗುವುದೂ ಅಷ್ಟೇ ಅವಿವೇಕ. ಹೃದಯಶೂಲೆಗಾಗಿ ನೈಟ್ರೇಟ್ ಔಷಧಗಳನ್ನು ಸೇವಿಸುವವರು ಇದನ್ನು ತೆಗೆದುಕೊಂಡರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯ ಒದಗಬಹುದು. ನಿಮಿರುವಿಕೆಯು 4 ಗಂಟೆಗಳಿಗೆ ಮೀರಿ ಇಳಿಯದಿದ್ದರೆ, ರಾತ್ರಿಯಾದರೂ ಸರಿಯೆ, ಒಡನೆ ಆಸ್ಪತ್ರೆಗೆ ಹೋಗಬೇಕು.