ಎದ್ದು ಹೋಗೋರು ಯಾರು, ಕೂತಿರೋರು ಯಾರು?

ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿ ಮುಂದೆ ಒಂದು ಸಣ್ಣ ಪಂಚಾಯ್ತಿ ನಡೆಯಿತು. ಕಾಲೇಜು ಹುಡುಗಿಯೊಬ್ಬಳ ಹಿಂದೆ ಪಡ್ಡೆ ಹುಡುಗನೊಬ್ಬ ಒಂದು ವಾರದಿಂದ ಬಿದ್ದಿದ್ದ. 'ನಂಗಿಷ್ಟ ಇಲ್ಲ' ಎಂದು ಆಕೆ ಎರಡು ಸಲ ಹೇಳಿಯಾಗಿತ್ತು. ಮೂರನೇ ಸಲ ಹೇಳುವುದಕ್ಕೆ ಆಕೆಯ ಸೋದರಮಾವನೇ ಬಂದಿದ್ದರು. ಜನ ಸೇರಿದರು. ಹುಡುಗ ತಲೆ ತಗ್ಗಿಸಿ ನಿಂತ. ಕೊನೆಗೆ ಪಕ್ಕದ ಬಟ್ಟೆ ಅಂಗಡಿ ಯಜಮಾನರು ತೀರ್ಪು ಕೊಟ್ಟೇಬಿಟ್ಟರು:

'ಬಿಡಿ ಸ್ವಾಮಿ, ಗಂಡು ಹುಡುಗ, ವಯಸ್ಸು. ಹಿಂದೆ ಬೀಳೋದು ಗಂಡಿನ ಸ್ವಭಾವ, ಬೇಡ ಅನ್ನೋದು ಹೆಣ್ಣಿನ ಸ್ವಭಾವ. ಬ್ರಹ್ಮ ಬರೆದದ್ದನ್ನ ನಾವು ನೀವು ತಿದ್ದೋಕಾಗುತ್ತಾ?'

ನಾಲ್ಕು ಜನ ಹೌದೌದು ಅಂದರು. ಅಷ್ಟರಲ್ಲಿ ನಮ್ಮ ಬಸ್ಸು ಬಂತು. ಆದರೆ ಆ ತೀರ್ಪು ಸೀಟಿನ ಪಕ್ಕದಲ್ಲೇ ಕೂತು ಮನೆವರೆಗೂ ಬಂತು. ನಾವು 'ಲೈನ್ ಹೊಡೆಯೋದು' ಅನ್ನುತ್ತಿದ್ದುದಕ್ಕೆ ಈಗಿನವರು 'ಡೇಟಿಂಗ್' ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಅದರಲ್ಲಿ ಗಂಡು ಹೀಗೆ, ಹೆಣ್ಣು ಹಾಗೆ ಅನ್ನೋದು ಹುಟ್ಟಿನಿಂದ ಬಂದದ್ದೋ, ನಾವು ಕಲಿಸಿದ್ದೋ?

ಅಮೆರಿಕದ ಫ್ಲಾರಿಡಾದ ಒಂದು ವಿಶ್ವವಿದ್ಯಾನಿಲಯದಲ್ಲಿ 1978ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ವಿದ್ಯಾರ್ಥಿಗಳು ಗುರುತಿಲ್ಲದವರ ಬಳಿ ಹೋಗಿ, ಹುಡುಗಿಯರು ಹುಡುಗರನ್ನೂ ಹುಡುಗರು ಹುಡುಗಿಯರನ್ನೂ, ನೇರವಾಗಿ ಕೇಳಬೇಕು. 'ಇವತ್ತು ಸಂಜೆ ನನ್ನ ಜೊತೆ ಹೊರಗೆ ಬರ್ತೀರಾ?' ಎಂದರೆ ಗಂಡಸರಲ್ಲೂ ಹೆಂಗಸರಲ್ಲೂ ಹೆಚ್ಚುಕಮ್ಮಿ ಅರ್ಧದಷ್ಟು ಜನ ಒಪ್ಪಿದರು. 'ನಮ್ಮ ಮನೆಗೆ ಬರ್ತೀರಾ?' ಎಂದರೆ ಗಂಡಸರಲ್ಲಿ ನೂರಕ್ಕೆ 69 ಜನ ಹೂಂ ಅಂದರು, ಹೆಂಗಸರಲ್ಲಿ ಬರೀ 6. ಮೂರನೇ ಪ್ರಶ್ನೆಯನ್ನು ಇಲ್ಲಿ ಅಚ್ಚು ಹಾಕುವುದು ಬೇಡ, ಓದುಗರು ಜಾಣರು. ಅದಕ್ಕೆ ಗಂಡಸರಲ್ಲಿ ನೂರಕ್ಕೆ 75, ಹೆಂಗಸರಲ್ಲಿ ಸೊನ್ನೆ!

'ನೋಡಿದ್ರಾ, ನಾನ್ ಹೇಳ್ಲಿಲ್ವಾ?' ಎಂದು ಯಜಮಾನರು ಮೀಸೆ ತಿರುವಬಹುದು. ಸ್ವಲ್ಪ ತಾಳಿ. ಸಂಜೆ ಹೊರಗೆ ಬರುವುದಕ್ಕೆ ಇಬ್ಬರೂ ಸಮಸಮ ಒಪ್ಪಿದ್ದರಲ್ಲ? ಗುರುತಿಲ್ಲದವನ ಮನೆ ಅಂದಾಗ ತಾನೇ ಹೆಣ್ಣು ಹಿಂದೆ ಸರಿದದ್ದು? ಅದು ಸ್ವಭಾವವೋ, ಭಯವೋ? ಜರ್ಮನಿಯಲ್ಲಿ ಈ ಅನುಮಾನವನ್ನೂ ಪರೀಕ್ಷಿಸಿದರು. ಆ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಫೋಟೋ ತೋರಿಸಿ, ಭೇಟಿಗೆ ಭದ್ರತೆಯ ಭರವಸೆ ಕೊಟ್ಟು ಕೇಳಿದಾಗ ಗಂಡಸರು ಎಲ್ಲರೂ, ಹೆಂಗಸರು ನೂರಕ್ಕೆ 97 ಜನ, ಕನಿಷ್ಠ ಒಬ್ಬರನ್ನಾದರೂ ಆರಿಸಿದರು. ಆದರೂ ಗಂಡಸರು ಆರಿಸಿದ ಫೋಟೋಗಳೇ ಹೆಚ್ಚು, ಅದನ್ನೂ ಮುಚ್ಚಿಡುವುದು ಬೇಡ. ಒಂಬತ್ತು ತಿಂಗಳು ಹೊರುವವಳು ಹೆಚ್ಚು ಯೋಚನೆ ಮಾಡಿದರೆ ತಪ್ಪೇನು? ಪ್ರಕೃತಿಯ ಪಾಲು ಇಲ್ಲ ಎಂದು ನಾವು ಹೇಳುತ್ತಿಲ್ಲ. ಪೂರ್ತಿ ಬಿಲ್ಲನ್ನು ಪ್ರಕೃತಿಯ ಖಾತೆಗೇ ಬರೆಯಬೇಡಿ ಅನ್ನುತ್ತಿದ್ದೇವೆ, ಅಷ್ಟೆ.

ಇನ್ನೊಂದು ಸ್ವಾರಸ್ಯ ಕೇಳಿ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ 350 ವಿದ್ಯಾರ್ಥಿಗಳನ್ನು ಸೇರಿಸಿ ಒಂದು ಪ್ರಯೋಗ ಮಾಡಿದರು. ಹುಡುಗಿಯರು ಕುರ್ಚಿ ಮೇಲೆ ಕೂತಿರಬೇಕು, ಹುಡುಗರು ನಾಲ್ಕು ನಾಲ್ಕು ನಿಮಿಷಕ್ಕೆ ಎದ್ದು ಒಬ್ಬೊಬ್ಬರ ಬಳಿ ಹೋಗಿ ಮಾತಾಡಬೇಕು. ಆಗ ಹುಡುಗಿಯರೇ ಹೆಚ್ಚು ಅಳೆದು ತೂಗಿದರು. ಹಳೇ ಕಥೆ. ಆಮೇಲೆ ಬೇರೆ ಕೂಟಗಳಲ್ಲಿ ಆಟ ತಿರುಗಿಸಿದರು: ಹುಡುಗರು ಕೂತರು, ಹುಡುಗಿಯರು ಎದ್ದು ಹೋದರು. ಆ ವ್ಯತ್ಯಾಸ ಮಂಗಮಾಯ! 2009ರಲ್ಲಿ ಇದು ಅಚ್ಚಾಯಿತು. ಬ್ರಹ್ಮಲಿಪಿ ಒಂದು ಕುರ್ಚಿ ಬದಲಾಯಿಸಿದರೆ ಅಳಿಸಿಹೋಗುತ್ತದೆಯೇ?

ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಲ್ಲಾಪೆಟ್ಟಿಗೆ ಮುಂದೆ ಕೂತವರ ಗತ್ತೇ ಬೇರೆ, ತಲೆ ಮೇಲೆ ಬುಟ್ಟಿ ಹೊತ್ತು ಬೀದಿ ಸುತ್ತುವವರ ಮಾತೇ ಬೇರೆ. ಇಬ್ಬರೂ ಮಾರುವುದು ಅದೇ ಸೊಪ್ಪು.

ಇನ್ನು ನಮ್ಮ ಮನೆಗಳಿಗೇ ಬರೋಣ. ಆರಿಸುವುದು, ಬೇಡ ಅನ್ನುವುದು ಹೆಣ್ಣಿನ ಸ್ವಭಾವವಾಗಿದ್ದರೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಅದು ಎಲ್ಲಿ ಹೋಗಿತ್ತು? ಉಪ್ಪಿಟ್ಟು, ಕೇಸರಿಬಾತ್ ತಿಂದು, ಹುಡುಗಿ ಕೈಲಿ ಒಂದು ಹಾಡು ಹಾಡಿಸಿ, 'ಊರಿಗೆ ಹೋಗಿ ಕಾಗದ ಬರೀತೀವಿ' ಅಂದವರು ಗಂಡಿನ ಕಡೆಯವರು. ತಲೆ ತಗ್ಗಿಸಿ ಕೂತವಳನ್ನು 'ನಿಂಗೆ ಒಪ್ಪಿಗೆಯೇನಮ್ಮ?' ಎಂದು ಕೇಳಿದವರು ಎಷ್ಟು ಜನ? ಅವಳಿಗೆ 'ಬೇಡ' ಅನ್ನಲು ಬಾಯಿ ಇರಲಿಲ್ಲವೇ? ಇತ್ತು ಸ್ವಾಮಿ, ಹಕ್ಕು ಇರಲಿಲ್ಲ.

ಈಗ ಮಂಡ್ಯ ಜಿಲ್ಲೆ ಕಡೆ ನೋಡಿ. ಆದಿಚುಂಚನಗಿರಿಯಲ್ಲಿ 2022ರ ನವೆಂಬರ್‌ನಲ್ಲಿ ನಡೆದ ವಧು–ವರರ ಸಮಾವೇಶಕ್ಕೆ ಹುಡುಗರು 10,000ಕ್ಕೂ ಮೇಲೆ, ಹುಡುಗಿಯರು ಕೆಲವೇ ನೂರು ಎಂದು ಪತ್ರಿಕೆಗಳಲ್ಲಿ ಬಂತು. ಮೂರು ತಿಂಗಳ ನಂತರ, 2023ರ ಫೆಬ್ರುವರಿಯಲ್ಲಿ, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಹುಡುಗರು 'ಹೆಣ್ಣು ಕೊಡಿಸಪ್ಪ ಮಾದಪ್ಪ' ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹೆಚ್ಚಿನವರು ಬೇಸಾಯಗಾರರ ಮನೆಯ ಮಕ್ಕಳು. 'ಹುಡುಗನಿಗೆ ಕೆಲಸ ಎಲ್ಲಿ? ಸಿಟಿಯಲ್ಲಿ ಮನೆ ಇದೆಯಾ?' ಎಂದು ಈಗ ಕೇಳುವವರು ಹೆಣ್ಣಿನ ಕಡೆಯವರು. ಓದಿದ ಹುಡುಗಿ ಸಗಣಿ ಬಾಚೋಕೆ ಒಲ್ಲೆ ಅನ್ನುತ್ತಾಳೆ. ಒಂದೇ ತಲೆಮಾರಿನಲ್ಲಿ ಸ್ವಭಾವ ಬದಲಾಯಿತೇ? ಇಲ್ಲ. ಕುರ್ಚಿ ಬದಲಾಯಿತು.

ಕುರ್ಚಿ ಬದಲಾದದ್ದರಲ್ಲಿ ನಮ್ಮ ಪಾಪದ ಪಾಲೂ ಇದೆ. ಹುಡುಗಿಯರೇ ಕಡಿಮೆಯಾದದ್ದು ಯಾಕೆ? ಭ್ರೂಣಲಿಂಗ ಪತ್ತೆ ನಿಷೇಧಿಸಿ 1994ರಲ್ಲೇ ಕಾನೂನು ಬಂತು. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಮಾಡುವ ಜಾಗದಲ್ಲಿ ಈ ವಿಷ! ಹುಟ್ಟುವ ಮೊದಲೇ ಹೆಣ್ಣು ಬೇಡ ಅಂದವರೇ ಇಪ್ಪತ್ತೈದು ವರ್ಷ ಕಳೆದ ಮೇಲೆ ಸೊಸೆ ಬೇಕು ಎಂದು ಬೆಟ್ಟ ಹತ್ತಿಸಿದರೆ ಮಾದಪ್ಪ ತಾನೇ ಏನು ಮಾಡಿಯಾನು?

ಬೀಡಾ ಅಂಗಡಿ ಪಂಚಾಯ್ತಿಗೆ ವಾಪಸ್ಸು ಬರೋಣ. ಒಂದು ಹುಡುಗಿ ಇಷ್ಟವಾಗುವುದು ಆ ಹುಡುಗನ ವಯಸ್ಸಿಗೆ ಸಹಜ. ಹೋಗಿ ಒಂದು ಸಲ ಮರ್ಯಾದೆಯಿಂದ ಮಾತಾಡಿಸಿದರೆ ಅದೂ ತಪ್ಪಲ್ಲ. ಆದರೆ 'ಬೇಡ' ಅಂದಮೇಲೂ ಬೆನ್ನು ಹತ್ತುವುದನ್ನು ಯಾವ ಪ್ರಕೃತಿಯೂ ಕಲಿಸಿಲ್ಲ. ಅದನ್ನು ಕಲಿಸಿದ್ದು ನಾವು. ಮೂರು ರೀಲು ಹೀರೋಯಿನ್ ಬೈಯ್ದು ನಾಲ್ಕನೇ ರೀಲಿಗೆ ಡ್ಯುಯೆಟ್ ಹಾಡುವ ಸಿನಿಮಾ ಕಲಿಸಿತು. 'ಬೇಡ ಅಂದ್ರೆ ಬೇಕು ಅಂತ ಅರ್ಥ ಕಣೋ' ಎಂದು ಕಟ್ಟೆ ಮೇಲಿನ ಅಣ್ಣಂದಿರು ಕಲಿಸಿದರು. 'ಗಂಡು ಹುಡುಗ, ಬಿಡಿ' ಅನ್ನುವ ತೀರ್ಪೂ ಒಂದು ಪಾಠವೇ. ಕಾನೂನಂತೂ ಸ್ವಭಾವದ ನೆಪ ಕೇಳುವುದಿಲ್ಲ. ಹೀಗೆ ಹಿಂಬಾಲಿಸುವುದು 2013ರಿಂದಲೇ ಅಪರಾಧ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 78ನೇ ಕಲಂ.

ಅಂದು ಯಾರೂ ಗಮನಿಸದ ಒಂದು ಸಂಗತಿ ಇದೆ. ಪಂಚಾಯ್ತಿ ಮುಗಿದ ಮೇಲೆ ಹುಡುಗ ಬೈಕ್ ಹತ್ತಿ ಹೋದ. ಹುಡುಗಿಯ ಮಾವ ಮಾತ್ರ 'ನಾಳೆಯಿಂದ ಇವಳನ್ನ ಐದೂವರೆ ಬಸ್ಸಿಗೆ ಕಳಿಸೋದಿಲ್ಲ, ಕೊನೇ ಕ್ಲಾಸು ಬಿಡಲಿ' ಅಂದರು. ತಪ್ಪು ಅವನದು, ದಂಡ ಇವಳಿಗೆ. ನಾಳೆ ಈ ಹುಡುಗಿಯೂ ಎಲ್ಲರಿಗೂ ಹೆದರಿ ದೂರ ಸರಿದರೆ, 'ನೋಡಿ, ಹೆಣ್ಣಿನ ಸ್ವಭಾವ' ಅನ್ನುವವರು ಮತ್ತೆ ನಾವೇ.

ಬಟ್ಟೆ ಅಂಗಡಿ ಯಜಮಾನರೇ, ನಿಮ್ಮ ಅಂಗಡಿ ಬಸ್ ಸ್ಟಾಪಿನ ಎದುರಿಗೇ ಇದೆ. ಮುಂದಿನ ಸಲ ತೀರ್ಪು ಕೊಡುವ ಮೊದಲು ಆ ಹುಡುಗನನ್ನು ಕರೆದು 'ಅವಳು ಬೇಡ ಅಂದಳು, ಆಯ್ತು, ಮನೆಗೆ ನಡಿಯಪ್ಪ' ಎಂದುಬಿಡಿ. ಐದೂವರೆ ಬಸ್ಸಿನಲ್ಲಿ ಒಂದು ಸೀಟು ಖಾಲಿಯಾಗುವುದು ತಪ್ಪುತ್ತದೆ.