ಹಚ್ಚೆ ಅಳಿಸುವ ಬೆಳಕು ಆದವಾನಿಗೆ ಬರುವ ಮುನ್ನ

ಸೇನೆಗೆ ಸೇರಬೇಕೆನ್ನುವ ಹುಡುಗರು ಓಟ, ಎತ್ತರ, ಎದೆಯ ಸುತ್ತಳತೆಗೆಲ್ಲ ತಯಾರಾಗುತ್ತಾರೆ. ಮೈಮೇಲಿನ ಹಚ್ಚೆ ನೆನಪಾಗುವುದು ಅರ್ಜಿ ತುಂಬುವಾಗ. ಭಾರತೀಯ ಸೇನೆಯ ನೇಮಕಾತಿಯಲ್ಲಿ ಶಾಶ್ವತ ಹಚ್ಚೆಗೆ ಅವಕಾಶವಿರುವುದು ಎರಡೇ ಕಡೆ: ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಹಸ್ತದ ಹಿಂಭಾಗ. ಇದರಲ್ಲಿ ಸಡಿಲಿಕೆ ಇರುವುದು ಬುಡಕಟ್ಟು ಸಮುದಾಯಗಳಿಗೆ. ಬಿಎಸ್‌ಎಫ್, ಸಿಐಎಸ್‌ಎಫ್‌ನಂಥ ಕೇಂದ್ರ ಪಡೆಗಳು ಇನ್ನೂ ಬಿಗಿ. ಮುಂಗೈಯಾದರೆ ಎಡಗೈಯೇ ಆಗಬೇಕು, ಏಕೆಂದರೆ ಬಲಗೈ ಸೆಲ್ಯೂಟ್ ಹೊಡೆಯುವ ಕೈ. ಹಚ್ಚೆಯ ಗಾತ್ರವೂ ಆ ಭಾಗದ ಕಾಲು ಪಾಲಿಗಿಂತ ಕಡಿಮೆ ಇರಬೇಕು. ಜಾತ್ರೆಯಲ್ಲಿ ಗೆಳೆಯರ ಜತೆ ಸೇರಿ ಕುತ್ತಿಗೆಗೋ ಬಲತೋಳಿಗೋ ಹಾಕಿಸಿಕೊಂಡ ಹೆಸರು ಆಗ ನೌಕರಿಗೇ ಅಡ್ಡ ನಿಲ್ಲುತ್ತದೆ. ಆಂಧ್ರದ ಆದವಾನಿ ಸುತ್ತಲಿನ ಹೊಳಗುಂದ, ಕೋಸಿಗಿ, ಕೌತಾಳಂ, ಆಲೂರು ಕಡೆಯ ಒಣಬೇಸಾಯದ ಮನೆಗಳಲ್ಲಿ ಇಂಥದೊಂದು ನೌಕರಿಯ ತೂಕ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಹುಡುಗ ಮೊದಲು ಕೇಳುವುದು ಹಚ್ಚೆ ಹಾಕಿದವನನ್ನೇ: ‘ಅಣ್ಣಾ, ಇದನ್ನ ತೆಗೀಬಹುದಾ?’ ಈ ಪ್ರಶ್ನೆಯೇ ಅಂಗಡಿಯವನಿಗೆ ಹೊಸ ವ್ಯಾಪಾರದ ಆಸೆ ಹುಟ್ಟಿಸುತ್ತದೆ. ಹಾಕುವವನೇ ತೆಗೆಯುವುದನ್ನೂ ಮಾಡಿದರೆ ಗಿರಾಕಿ ಬೇರೆಡೆ ಹೋಗುವುದಿಲ್ಲ. ಲೇಸರ್ ಯಂತ್ರ ಆನ್‌ಲೈನ್‌ನಲ್ಲೇ ಸಿಗುತ್ತದೆ, ಕೊರಿಯರ್‌ನಲ್ಲಿ ಬರುತ್ತದೆ. ಆದರೆ ಹಚ್ಚೆ ಹಾಕುವುದು ಕುಶಲಕರ್ಮ, ತೆಗೆಯುವುದು ಚಿಕಿತ್ಸೆ. ಈ ವ್ಯತ್ಯಾಸ ಮರೆತು ತಂದ ಯಂತ್ರ ನಮ್ಮ ಮಕ್ಕಳ ಮೈಮೇಲೆ ಹಚ್ಚೆಗಿಂತ ಕೆಟ್ಟ ಗುರುತು ಉಳಿಸುತ್ತದೆ ಎಂಬುದು ನನ್ನ ಆತಂಕ.

ಈ ಸೀಮೆಗೆ ಹಚ್ಚೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರುವವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವೇ ಆಗಿದ್ದವು. ಆಡಳಿತದ ಗಡಿ ಬದಲಾದರೂ ಅಜ್ಜಿಯರ ಹಣೆ, ಗಲ್ಲ, ಮುಂಗೈಗಳ ಹಸಿರು ಚುಕ್ಕೆಗಳು ಬದಲಾಗಲಿಲ್ಲ. ತೆಲುಗಿನವರು ಪಚ್ಚಬೊಟ್ಟು ಎಂದರು, ನಮ್ಮವರು ಹಚ್ಚೆಬೊಟ್ಟು ಎಂದರು. ಊರೂರು ತಿರುಗಿ ಹಚ್ಚೆ ಹಾಕುತ್ತಿದ್ದ ಕೊರವ ಹೆಣ್ಣುಮಕ್ಕಳ ಕಸುಬು 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿಯವರ ಸಂಪುಟಗಳಲ್ಲೂ ದಾಖಲಾಗಿದೆ. ದೀಪದ ಮಸಿಗೆ ಸೊಪ್ಪಿನ ರಸ, ಕೆಲವೆಡೆ ಎದೆಹಾಲು ಬೆರೆಸಿ ಸೂಜಿಯಿಂದ ಚುಚ್ಚುತ್ತಿದ್ದರು. ಆ ಬಣ್ಣ ಬರೀ ಇಂಗಾಲ. ಲೇಸರಿಗೆ ಅತಿ ಸುಲಭವಾಗಿ ಬಗ್ಗುವುದು ಈ ಮಸಿಯೇ. ಇಂದಿನ ಅಂಗಡಿಯ ಕೆಂಪು, ಹಸಿರು, ಹಳದಿ ಬಣ್ಣಗಳು ಅಷ್ಟು ಬೇಗ ಬಿಡುವುದಿಲ್ಲ.

ಲೇಸರ್ ಬಣ್ಣವನ್ನು ಸುಡುವುದಿಲ್ಲ, ಕೆರೆದು ತೆಗೆಯುವುದೂ ಇಲ್ಲ. ಸೂಜಿ ಬಿಟ್ಟುಹೋದ ಶಾಯಿ ಚರ್ಮದ ಒಳಪದರದಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಜೀವಕಣಗಳ ಹೊಟ್ಟೆಯಲ್ಲಿ ಕೂತಿರುತ್ತದೆ. ಆ ಕಣ ಸತ್ತರೆ ಪಕ್ಕದ ಹೊಸ ಕಣ ಅದೇ ಶಾಯಿಯನ್ನು ನುಂಗಿ ಕೂರುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಇದನ್ನು ತೋರಿಸಿದರು. ಹಚ್ಚೆ ಬದುಕಿಡೀ ಉಳಿಯುವುದರ ಗುಟ್ಟು ಇದು. ಶಾಯಿಯ ಹರಳು ದೊಡ್ಡದಾದ್ದರಿಂದ ದೇಹಕ್ಕೆ ಅದನ್ನು ಹೊತ್ತು ಸಾಗಿಸಲಾಗದು. ಹಚ್ಚೆ ತೆಗೆಯಲು ಬಳಸುವ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಲೇಸರ್ ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗದಷ್ಟು ಹೊತ್ತು ಮಿಂಚಿ, ಆದವಾನಿ ಬೆಟ್ಟದ ಬಂಡೆಯನ್ನು ಜಲ್ಲಿ ಮಾಡಿದ ಹಾಗೆ ಆ ಹರಳನ್ನು ಒಡೆಯುತ್ತದೆ. ಪುಡಿಯನ್ನು ಸಾಗಿಸುವ ಕೆಲಸ ದೇಹದ್ದೇ, ಅದಕ್ಕೆ ವಾರಗಟ್ಟಲೆ ಬೇಕು. ಒಂದು ಸಿಟ್ಟಿಂಗ್‌ಗೂ ಇನ್ನೊಂದಕ್ಕೂ ಆರರಿಂದ ಎಂಟು ವಾರ ಬಿಡುವುದು ಇದಕ್ಕಾಗಿ. ಗಿರಾಕಿ ಅವಸರಪಟ್ಟನೆಂದು ಹದಿನೈದು ದಿನಕ್ಕೇ ಮತ್ತೆ ಹೊಡೆದರೆ ಶಾಯಿ ಬೇಗ ಹೋಗುವುದಿಲ್ಲ, ಚರ್ಮ ಮಾತ್ರ ಹಾಳಾಗುತ್ತದೆ.

ಸುತ್ತಲಿನ ಚರ್ಮವನ್ನು ಉಳಿಸಿ ಬೇಕಾದ ಬಣ್ಣವನ್ನಷ್ಟೇ ಬೆಳಕಿನಿಂದ ಹೊಡೆಯಬಹುದೆಂಬ ಸಿದ್ಧಾಂತವನ್ನು ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಮಂಡಿಸಿದರು. ನಮ್ಮ ಕಷ್ಟ ಶುರುವಾಗುವುದೂ ಅಲ್ಲಿಂದಲೇ. ನಮ್ಮ ಚರ್ಮದಲ್ಲಿ ಮೆಲನಿನ್ ಹೆಚ್ಚು. ಅದೂ ಒಂದು ಬಣ್ಣ, ಅದೂ ಬೆಳಕನ್ನು ಹೀರುತ್ತದೆ. 1064 ನ್ಯಾನೋಮೀಟರ್ ತರಂಗವನ್ನು ಮೆಲನಿನ್ ಕಡಿಮೆ ಹೀರುವುದರಿಂದ ಕಪ್ಪು ಮೈಬಣ್ಣಕ್ಕೆ ಅದೇ ಹೆಚ್ಚು ಸುರಕ್ಷಿತ. ಕೆಂಪು ಶಾಯಿಗೆ ಬೇಕಾದ 532 ನ್ಯಾನೋಮೀಟರ್ ಬೆಳಕು ಮೆಲನಿನ್‌ಗೂ ತಗಲುತ್ತದೆ. ಶಕ್ತಿ ಸ್ವಲ್ಪ ಹೆಚ್ಚಾದರೆ ಗುಳ್ಳೆ ಏಳುತ್ತದೆ, ಆಮೇಲೆ ಬಿಳಿ ಮಚ್ಚೆಯೋ ಕಪ್ಪು ಕಲೆಯೋ ಉಳಿಯುತ್ತದೆ. ಹೆಸರಿನ ಅಕ್ಷರಗಳು ಹೋಗಿ ಅದೇ ಆಕಾರದ ಬಿಳಿ ಅಕ್ಷರಗಳು ಉಳಿದರೆ ತೆಗೆಸಿ ಬಂದ ಫಲವೇನು? ಕೀಲಾಯ್ಡ್, ಅಂದರೆ ಉಬ್ಬುಗಾಯ ಬೆಳೆಯುವ ಗುಣವಿರುವ ಮೈ ಮತ್ತೂ ಎಚ್ಚರ ಬೇಡುತ್ತದೆ. ಅಗ್ಗದ ಯಂತ್ರಗಳ ಬೆಳಕು ಎಲ್ಲೆಡೆ ಒಂದೇ ಸಮ ಬೀಳದೆ ನಡುವೆ ಹೆಚ್ಚು ಉರಿಯುವ ಜಾಗಗಳಿದ್ದರಂತೂ ಅಳತೆ ಹಿಡಿಯುವುದೇ ಆಗದು. ಕೂದಲು ತೆಗೆಯುವ ಐಪಿಎಲ್ ಯಂತ್ರವನ್ನು ಹಚ್ಚೆಯ ಮೇಲೆ ಬಳಸುವುದು ನೇರವಾಗಿ ಸುಟ್ಟಗಾಯಕ್ಕೆ ದಾರಿ.

ಹುಬ್ಬಿನ ಕಥೆ ಬೇರೆ, ಬ್ಯೂಟಿಪಾರ್ಲರ್ ನಡೆಸುವ ಅಕ್ಕಂದಿರು ಇದನ್ನು ಗಮನವಿಟ್ಟು ಓದಬೇಕು. ಮೈಕ್ರೋಬ್ಲೇಡಿಂಗ್, ಅಂದರೆ ಗೀರಿ ಶಾಯಿ ತುಂಬುವ ಕೆಲಸ ಮಾಡಿಸಿದ ಹುಬ್ಬು ಒಂದೆರಡು ವರ್ಷದಲ್ಲಿ ಕೆಂಪಗೋ ಬೂದಾಗಿಯೋ ತಿರುಗಿದಾಗ ತೆಗೆಸುವ ಮಾತು ಬರುತ್ತದೆ. ಕಂದು, ಚರ್ಮದ ಬಣ್ಣ, ತುಟಿಯ ಗುಲಾಬಿ ಬಣ್ಣದ ಶಾಯಿಗಳಲ್ಲಿ ಕಬ್ಬಿಣದ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಸಾಮಾನ್ಯ. ಲೇಸರ್ ಬಿದ್ದ ಕ್ಷಣವೇ ಇವು ರಾಸಾಯನಿಕವಾಗಿ ಬದಲಾಗಿ ಕಡುಗಪ್ಪಾಗಬಹುದು. ತಿಳಿಕಂದು ಹುಬ್ಬು ಕಣ್ಣೆದುರೇ ಕಪ್ಪಾಗಿ, ಮುಂದೆ ಆ ಕಪ್ಪನ್ನು ತೆಗೆಯಲು ಹಲವು ಸಿಟ್ಟಿಂಗ್ ಹಿಡಿಯುತ್ತದೆ. ಆದ್ದರಿಂದ ಹುಬ್ಬಿನ ಮೂಲೆಯಲ್ಲಿ ಒಂದು ಚುಕ್ಕೆಯಷ್ಟು ಜಾಗಕ್ಕೆ ಹೊಡೆದು, ಕೆಲವು ವಾರ ಕಾದು ನೋಡದೆ ಮುಂದುವರಿಯಲೇಬಾರದು. ಮದುವೆ ಹತ್ತಿರ ಬಂದಿದೆ ಎಂದು ಓಡಿ ಬಂದವರಿಗೆ ಇಲ್ಲವೆನ್ನುವ ಧೈರ್ಯ ಬೇಕು. ಕಣ್ಣಿನ ಹತ್ತಿರದ ಕೆಲಸಕ್ಕೆ ರೆಪ್ಪೆಯ ಒಳಗಿಡುವ ಲೋಹದ ಕವಚ ಬೇಕು, ಅದನ್ನು ಇಡಲು ವೈದ್ಯರೇ ಬೇಕು. ಕೋಣೆಯಲ್ಲಿರುವ ಉಳಿದವರಿಗೂ ಆ ತರಂಗಕ್ಕೆಂದೇ ಮಾಡಿದ ಕನ್ನಡಕ ಕಡ್ಡಾಯ. ಕನ್ನಡಿಗೆ ತಗಲಿ ತಿರುಗಿದ ಒಂದೇ ಮಿಂಚು ಕಣ್ಣಿನ ಅಕ್ಷಿಪಟಲವನ್ನು ಶಾಶ್ವತವಾಗಿ ಕೆಡಿಸಬಲ್ಲದು. ಗೋಡೆ ತುಂಬ ಕನ್ನಡಿಯಿರುವ ಪಾರ್ಲರ್ ಲೇಸರಿಗೆ ತಕ್ಕ ಕೋಣೆಯಲ್ಲ.

ಇನ್ನು ಈ ನೆಲದ ಬಿಸಿಲು. ಬಿಸಿಲಿಗೆ ಕಪ್ಪಾದ ಚರ್ಮಕ್ಕೆ ಲೇಸರ್ ಹೊಡೆಯಬಾರದು, ಹೊಡೆಸಿಕೊಂಡ ಮೇಲೂ ತಿಂಗಳುಗಟ್ಟಲೆ ಜಾಗ ಮುಚ್ಚಿಟ್ಟುಕೊಳ್ಳಬೇಕು. ಏರ್ ಕಂಡಿಷನ್ ಕಚೇರಿಯವರಿಗೆ ಬರೆದ ಈ ಸೂಚನೆಯನ್ನು ಹತ್ತಿ ಬಿಡಿಸುವ ಕೂಲಿಯವರು ಪಾಲಿಸುವುದು ಹೇಗೆ? ಕೋಸಿಗಿ, ಕೌತಾಳಂ ಕಡೆಯ ಕುಟುಂಬಗಳು ಬೇಸಿಗೆಯ ಹೊತ್ತಿಗೆ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತವೆ, ಹಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಬಿಸಿಲಲ್ಲಿ ದುಡಿದು ಬಂದ ಕೈಗೆ ಮರುದಿನವೇ ಲೇಸರ್ ಹೊಡೆಯುವುದು ಅಪರಾಧಕ್ಕೆ ಸಮ. ಊರಲ್ಲಿರುವ ತಿಂಗಳು ನೋಡಿ, ಉದ್ದ ತೋಳಿನ ಅಂಗಿ ಹಾಕಿಸಿ, ಎರಡು ವರ್ಷದ ಲೆಕ್ಕ ಹಾಕಿ ಮಾಡುವ ಕೆಲಸವಿದು. ಸೇನೆ ಸೇರುವ ಹುಡುಗರಿಗೂ ಅದೇ ಮಾತು: ಅರ್ಜಿ ಕರೆದ ಮೇಲೆ ಬಂದರೆ ಸಮಯ ಮೀರಿರುತ್ತದೆ. ಹತ್ತನೇ ತರಗತಿಯವರಿಗೆ ಶಾಲೆಯಲ್ಲೇ ಈ ನಿಯಮ ಹೇಳಿಕೊಡುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ.

ಹಾಗಾದರೆ ಲೇಸರ್ ಯಂತ್ರ ಯಾರ ಕೈಯಲ್ಲಿರಬೇಕು? ಭಾರತದ ಚರ್ಮವೈದ್ಯರ ಸಂಘ ರೂಪಿಸಿದ ಮಾರ್ಗಸೂಚಿಗಳು ಲೇಸರ್ ಚಿಕಿತ್ಸೆಯನ್ನು ತರಬೇತಾದ ವೈದ್ಯರ ಕೆಲಸವೆಂದೇ ಪರಿಗಣಿಸುತ್ತವೆ. ಆಂಧ್ರದಲ್ಲಿ ಖಾಸಗಿ ಚಿಕಿತ್ಸಾ ಕೇಂದ್ರಗಳ ನೋಂದಣಿಗೆ 2002ರ ಕಾಯ್ದೆಯಿದೆ, ಯಂತ್ರಗಳಿಗೆ ಕೇಂದ್ರದ 2017ರ ವೈದ್ಯಕೀಯ ಸಾಧನ ನಿಯಮಗಳಿವೆ. ಶಾಯಿಯ ಮೇಲಿನ ಹಿಡಿತ ಮಾತ್ರ ಇನ್ನೂ ಸಡಿಲ. ಹಚ್ಚೆಯ ಶಾಯಿಯಲ್ಲಿ ಆರ್ಸೆನಿಕ್, ಕ್ರೋಮಿಯಂನಂಥ ಲೋಹಗಳಿರುವುದನ್ನು ಎತ್ತಿ ಹೇಳಿ ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲಿ ನಿಯಂತ್ರಣ ಬೇಕೆಂದರು. ಅದೇ ಶಾಯಿಯನ್ನು ಲೇಸರ್ ಒಡೆದಾಗ ಪುಡಿ ಹೋಗುವುದು ನಮ್ಮ ದುಗ್ಧರಸ ಗ್ರಂಥಿಗಳಿಗೆ ಎಂಬುದನ್ನು ನೆನೆದರೆ ಆ ಮಾತಿನ ಮಹತ್ವ ತಿಳಿಯುತ್ತದೆ.

ಹಚ್ಚೆಯಂಗಡಿಗೆ ಇದರಲ್ಲಿ ಪಾಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಯಾವ ಶಾಯಿ, ಎಷ್ಟು ಆಳ, ಒಂದರ ಮೇಲೊಂದು ಎಷ್ಟು ಸಲ ಎಂಬುದು ಹಾಕಿದವನಿಗೇ ಚೆನ್ನಾಗಿ ಗೊತ್ತು. ವೈದ್ಯರಿಗೆ ಆ ಮಾಹಿತಿ ಬಂಗಾರ. ಪೂರ್ತಿ ಅಳಿಸದೆ ಎರಡು ಮೂರು ಸಿಟ್ಟಿಂಗ್‌ನಲ್ಲಿ ತಿಳಿ ಮಾಡಿ, ಮೇಲೆ ಹೊಸ ಚಿತ್ರ ಬರೆಯುವುದು ಹಲವರಿಗೆ ಸಾಕು. ಅಲ್ಲಿ ಕಲಾವಿದನೂ ಬೇಕು, ಡಾಕ್ಟರೂ ಬೇಕು. ತಿಂಗಳಿಗೊಮ್ಮೆ ಚರ್ಮದ ಡಾಕ್ಟರನ್ನು ಕರೆಸಿ, ಅವರು ಬಂದು ಕೂರುವ ಕ್ಲಿನಿಕ್ಕಿನಲ್ಲೇ ಯಂತ್ರವಿಟ್ಟು, ಗಿರಾಕಿಗಳನ್ನು ಕಳಿಸಿಕೊಡುವ ಪಾಲುದಾರಿಕೆ ಆದವಾನಿಯಂಥ ಊರಿಗೆ ಹೊಂದುತ್ತದೆ. ಅದು ಆಗುವವರೆಗೆ ಸುಮಾರು 70 ಕಿಲೋಮೀಟರ್ ದೂರದ ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಕರ್ನೂಲಿನಲ್ಲಿ 1957ರಿಂದ ನಡೆದುಬಂದ ಕಾಲೇಜಿದೆ. ಮೊದಲ ಸಲಹೆಗೆ ಅಲ್ಲಿನ ಚರ್ಮರೋಗ ವಿಭಾಗಕ್ಕೆ ಹೋಗುವುದು, ಸುಣ್ಣವನ್ನೋ ಆಸಿಡ್ಡನ್ನೋ ಹಚ್ಚಿಕೊಂಡು ಮೈ ಸುಟ್ಟುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಒಪ್ಪಿಗೆಯ ಕಾಗದ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಇರಲಿ, ಓದಲು ಬಾರದವರಿಗೆ ಯಾರಾದರೂ ಓದಿ ಹೇಳಲಿ. ಪೂರ್ತಿ ಹೋಗದೇ ಇರಬಹುದು, ಕಲೆ ಉಳಿಯಬಹುದು, ಒಟ್ಟು ಖರ್ಚು ಹಾಕಿಸಿದ್ದರ ಹಲವು ಪಟ್ಟು ಆಗಬಹುದು ಎಂಬ ಮೂರು ಸಾಲು ಅದರ ಮೇಲ್ಭಾಗದಲ್ಲೇ ದಪ್ಪಕ್ಷರದಲ್ಲಿರಬೇಕು. ಪ್ರತಿ ಸಿಟ್ಟಿಂಗ್‌ಗೆ ಮುಂಚೆ ಒಂದೇ ಬೆಳಕಿನಲ್ಲಿ ಫೋಟೊ ತೆಗೆದು, ಒಂದು ಪ್ರತಿಯನ್ನು ಗಿರಾಕಿಯ ಫೋನಿಗೇ ಕಳಿಸಿಕೊಡಲಿ.