ಚರ್ಮದ ಆರೈಕೆಯ ವೃತ್ತಿಗಳು

ಮನುಷ್ಯ ದೇಹದ ಅಂಗಗಳಲ್ಲಿ ಚರ್ಮವೇ ಅತ್ಯಂತ ವಿಸ್ತಾರವಾದುದು. ಬೆಳೆದ ವ್ಯಕ್ತಿಯ ಚರ್ಮದ ವಿಸ್ತೀರ್ಣ ಸುಮಾರು 1.5ರಿಂದ 2 ಚದರ ಮೀಟರ್. ಧೂಳು, ರೋಗಾಣುಗಳನ್ನು ಹೊರಗೆ ತಡೆದು, ದೇಹದ ನೀರನ್ನು ಒಳಗೆ ಕಾಯ್ದು, ನೋವು ಮತ್ತು ಸ್ಪರ್ಶದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಕಾವಲುಗಾರ ಅದು. ಈ ಕಾವಲುಗಾರನ ಆರೈಕೆಯನ್ನೇ ಉದ್ಯೋಗವಾಗಿ ಕೈಕೊಂಡವರು ಹಿಂದೆಯೂ ಇದ್ದರು. ಎಳೆಗೂಸಿಗೆ ಎಣ್ಣೆ ತೀಡಿ ಎರೆಯುತ್ತಿದ್ದ ಸೂಲಗಿತ್ತಿ, ಕ್ಷೌರ ಮಾಡುತ್ತಿದ್ದ ನಾವಿದ, ಬೇರು ಎಲೆಗಳನ್ನರೆದು ಹುಣ್ಣಿಗೆ ಕಟ್ಟುತ್ತಿದ್ದ ನಾಟಿ ವೈದ್ಯ ಇವರೆಲ್ಲರೂ ಅಂಥವರೇ. ಇಂದು ಆ ಕೆಲಸ ಶಿಕ್ಷಣ ಮತ್ತು ಪರೀಕ್ಷೆಗಳ ಆಧಾರವುಳ್ಳ ಹಲವು ವೃತ್ತಿಗಳಾಗಿ ಕವಲೊಡೆದಿದೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಕಬ್ಬಿನ ನಾಡು. ಕಬ್ಬು ಕಡಿಯುವವರ ಕೈಗಳನ್ನು ರವದಿಯ ಅಂಚು ಸೀಳುತ್ತದೆ; ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ ಸಿಡಿದು ಮೈ ಸುಡುತ್ತದೆ; ಬೇಸಿಗೆಯ ಬಿಸಿಲು ಮುಖವನ್ನು ಕಂದಿಸುತ್ತದೆ. ಮದುವೆಯ ಹಂಗಾಮಿನಲ್ಲಾದರೆ ಇದೇ ಊರುಗಳ ಸೌಂದರ್ಯಾಲಯಗಳು ತುಂಬಿರುತ್ತವೆ. ಸೊಬಗಿನ ಅಪೇಕ್ಷೆಯೂ ನೋವಿನ ಪರಿಹಾರವೂ ಚರ್ಮದ ಆರೈಕೆಯ ಎರಡು ತುದಿಗಳಾಗಿವೆ.

ಮೊದಲನೆಯ ತುದಿಯಲ್ಲಿರುವುದು ಸೌಂದರ್ಯ ತಜ್ಞೆಯ ವೃತ್ತಿ. ಎಸ್.ಎಸ್.ಎಲ್.ಸಿ. ಮುಗಿಸಿದವರು ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಕಾಸ್ಮೆಟಾಲಜಿ ಎಂಬ 1 ವರ್ಷದ ಶಿಕ್ಷಣವನ್ನು ಪಡೆಯಬಹುದು. ಅಲ್ಪ ಬಂಡವಾಳದಿಂದ, ತನ್ನ ಊರಿನಲ್ಲಿಯೇ, ಮನೆಯ ಒಂದು ಕೋಣೆಯಲ್ಲಿ ಪ್ರಾರಂಭಿಸಬಹುದಾದ ಉದ್ಯೋಗವಿದು. ಆದ್ದರಿಂದ ಅನೇಕ ಹೆಣ್ಣುಮಕ್ಕಳಿಗೆ ಸ್ವಾವಲಂಬನೆಯ ಆಸರೆಯಾಗಿದೆ. ಶುಚಿಯಾದ ಕೈ, ತೊಳೆದ ಬಟ್ಟೆ, ಪ್ರತಿಯೊಬ್ಬರಿಗೂ ಶುದ್ಧಗೊಳಿಸಿದ ಉಪಕರಣ ಇವು ಈ ವೃತ್ತಿಯ ಮೊದಲ ಪಾಠಗಳು.

ಆದರೆ ಈ ವೃತ್ತಿಗೆ ಒಂದು ಎಲ್ಲೆಯೂ ಉಂಟು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಬಿಸಿಲಿನ ನೇರಳಾತೀತ ಕಿರಣಗಳಿಂದ ನಮ್ಮನ್ನು ರಕ್ಷಿಸುತ್ತದೆ. ಕಪ್ಪು ಬಣ್ಣ ದೋಷವಲ್ಲ, ರೋಗವೂ ಅಲ್ಲ. ಹೀಗಿದ್ದರೂ ಬಿಳುಪಿನ ಆಸೆಗೆ ಬಿದ್ದು ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ತಿಂಗಳುಗಟ್ಟಲೆ ಹಚ್ಚಿಕೊಂಡವರ ಮುಖದ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆಗಳಿಂದ ತುಂಬುವುದುಂಟು. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರವು 2018ರಲ್ಲಿ ಅಂತಹ 14 ಔಷಧಿಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ರೋಗಕ್ಕೆ ಮದ್ದು ಹೇಳದೆ ವೈದ್ಯರ ಬಳಿಗೆ ಕಳುಹಿಸುವ ಸೌಂದರ್ಯ ತಜ್ಞೆಯೇ ತನ್ನ ವೃತ್ತಿಯ ಗೌರವವನ್ನು ಉಳಿಸುತ್ತಾಳೆ.

ಇನ್ನೊಂದು ತುದಿಯಲ್ಲಿರುವುದು ಶುಶ್ರೂಷೆ. ಇದಕ್ಕೆ ಪಿ.ಯು.ಸಿ. ಮುಗಿಸಿರುವುದು ಅವಶ್ಯ; ಸೌಂದರ್ಯಾಲಯದ ಅನುಭವ ಎಷ್ಟಿದ್ದರೂ ಅದಕ್ಕೆ ಬದಲಾಗದು. ಅನಂತರ 2 ವರ್ಷಗಳ ಎ.ಎನ್.ಎಂ., 3 ವರ್ಷಗಳ ಜಿ.ಎನ್.ಎಂ., 4 ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಎಂಬ ದಾರಿಗಳಿವೆ. ಬಿ.ಎಸ್ಸಿ.ಯ ಆಸೆಯುಳ್ಳವರು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಬೇಕು. ಜಿ.ಎನ್.ಎಂ. ಮುಗಿಸಿದವರು ಮುಂದೆ 2 ವರ್ಷ ಓದಿ ಪದವಿ ಪಡೆಯಲೂ ಅವಕಾಶವಿದೆ. ಹೀಗೆ ಕೆಳಗಿನ ಮೆಟ್ಟಿಲೇರಿದವರಿಗೆ ಮೇಲಿನ ಮೆಟ್ಟಿಲು ಮುಚ್ಚಿರುವುದಿಲ್ಲ.

ದಾದಿಯ ಕೆಲಸದಲ್ಲಿ ಚರ್ಮದ ಪಾಲು ಹಿರಿದು. ಹಾಸಿಗೆ ಹಿಡಿದ ರೋಗಿಯನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಮೂಳೆ ಒತ್ತುವೆಡೆಯಲ್ಲಿ ರಕ್ತ ಸಂಚಾರ ಕುಂದಿ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಸಣ್ಣ ಗಾಯವೂ ಅಲಕ್ಷ್ಯದಿಂದ ಕಾಲನ್ನೇ ಕಳೆಯಬಹುದು. ಸುಟ್ಟ ಗಾಯಕ್ಕೆ ಶಾಯಿ, ಹಲ್ಲುಪುಡಿ ಬಳಿಯದೆ ಸುಮಾರು 20 ನಿಮಿಷ ತಣ್ಣನೆಯ ನೀರು ಸುರಿಯಬೇಕೆಂದು ಊರಿಗೆ ಕಲಿಸಬೇಕಾದವಳೂ ಅವಳೇ.

ಈ ಎರಡು ವೃತ್ತಿಗಳು ಕೂಡುವ ಒಂದು ಸ್ಥಳವಿದೆ. ಮೈಮೇಲೆ ಮಾಸಲು ಬಣ್ಣದ, ಸ್ಪರ್ಶ ತಿಳಿಯದ ಮಚ್ಚೆಯೊಂದು ಕಂಡರೆ ಅದು ಕುಷ್ಠರೋಗದ ಆರಂಭವಾಗಿರಬಹುದು. ಅದರ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದನು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹುವಿಧ ಔಷಧ ಚಿಕಿತ್ಸೆಯಿಂದ ಅದು ಸಂಪೂರ್ಣ ಗುಣವಾಗುತ್ತದೆ. ರೋಗದ ಬಗೆಯನ್ನನುಸರಿಸಿ 6 ಅಥವಾ 12 ತಿಂಗಳ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಆದರೂ ಜನರ ಅಂಜಿಕೆಗೆ ನಾಚಿ ಮಚ್ಚೆಯನ್ನು ಮುಚ್ಚಿಟ್ಟವರು ಕೈಬೆರಳುಗಳ ಶಕ್ತಿಯನ್ನೇ ಕಳೆದುಕೊಂಡಾರು. ಅಂತಹ ಮಚ್ಚೆಯನ್ನು ಮೊದಲು ಕಾಣುವ ಕಣ್ಣು ಸೌಂದರ್ಯ ತಜ್ಞೆಯದಾಗಿರಬಹುದು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯದಾಗಿರಬಹುದು. ಹೀಯಾಳಿಸದೆ, ಗುಟ್ಟು ಬಿಡದೆ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರೆ ಒಂದು ಬಾಳು ಉಳಿದಂತೆ.

ಸೇವೆಯ ಈ ಪರಂಪರೆ ಇಲ್ಲಿನ ನೆಲಕ್ಕೆ ಹೊಸದೇನಲ್ಲ. ಸೇವಾದಳದ ಸ್ಥಾಪಕ ಡಾ. ನಾ. ಸು. ಹರ್ಡೀಕರರು ಗೋಕಾಕ ತಾಲೂಕಿನ ಘಟಪ್ರಭೆಯ ಕರ್ನಾಟಕ ಆರೋಗ್ಯ ಧಾಮಕ್ಕೆ ತಮ್ಮ ಬಾಳಿನ ಬಹುಭಾಗವನ್ನು ಮುಡಿಪಾಗಿಟ್ಟರು. ಬೆಳಗಾವಿಯಲ್ಲಿ 1963ರಲ್ಲಿ ಪ್ರಾರಂಭವಾದ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವಿದೆ. ಎಂ.ಬಿ.ಬಿ.ಎಸ್. ಪದವಿಯ ಮೇಲೆ 3 ವರ್ಷ ಚರ್ಮರೋಗ ಶಾಸ್ತ್ರವನ್ನು ಓದಿ ತಜ್ಞ ವೈದ್ಯರಾಗುವ ದಾರಿಯೂ ತೆರೆದಿದೆ.

ವೃತ್ತಿಗಳಲ್ಲಿ ಓದಿನ ಅವಧಿ ಬೇರೆ, ಸಂಪಾದನೆ ಬೇರೆ. ಅವುಗಳಲ್ಲಿ ಮೇಲು ಕೀಳುಗಳನ್ನು ಎಣಿಸುವ ಮೊದಲು ವಿದ್ಯಾರ್ಥಿಯು ತನ್ನ ಒಲವು, ಮನೆಯ ಅನುಕೂಲ, ಓದಲು ದೊರೆಯುವ ವರ್ಷಗಳನ್ನು ತೂಗಿ ನೋಡಬೇಕು. ಇನ್ನೊಬ್ಬರ ಹುಣ್ಣನ್ನು ಅಸಹ್ಯವಿಲ್ಲದೆ ಮುಟ್ಟಬಲ್ಲೆನೇ ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಹೌದೆಂದು ಉತ್ತರ ಬಂದವರಿಗೆ ಕೆಲಸ ಕಾದಿದೆ.